ಒಪ್ಪಿಗೆ ಇದ್ದರೆ ಅಪರಾಧವಲ್ಲವೇ?



ಪ್ರಾಯಕ್ಕೆ ಬಂದ ಒಬ್ಬ ಮನುಷ್ಯ ಎಲ್ಲವನ್ನೂ ತಿಳಿದುಕೊಂಡು ತನ್ನ ಕಿಡ್ನಿ ಮಾರಲು ಒಪ್ಪಿದರೆ ಸರ್ಕಾರಕ್ಕೇನು ತೊಂದರೆ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ನಮ್ಮ ಕಾನೂನು ಒಪ್ಪಿಗೆಗೆ ಬೆಲೆ ಕೊಡುತ್ತದೆ. 1860ರ ದಂಡ ಸಂಹಿತೆಯ 87ನೇ ಕಲಂ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಆಗಿದೆ. ವಿನೋದಕ್ಕಾಗಿ ಕತ್ತಿವರಸೆ ಆಡಲು ಒಪ್ಪಿದ ಇಬ್ಬರಲ್ಲಿ ಒಬ್ಬನಿಗೆ, ನಿಯಮ ಮೀರದ ಆಟದಲ್ಲಿ ಗಾಯವಾದರೆ ಅದು ಅಪರಾಧವಲ್ಲ ಎನ್ನುತ್ತದೆ ಅದು. (ಬರೆದವರು ಇಂಗ್ಲಿಷರು; ನಾವಾಗಿದ್ದರೆ ಕುಸ್ತಿ ಎನ್ನುತ್ತಿದ್ದೆವು.) ಆದರೆ ಸಾವು ಅಥವಾ ತೀವ್ರ ಗಾಯದ ಉದ್ದೇಶವಿದ್ದರೆ ಈ ರಕ್ಷಣೆ ಇಲ್ಲ. ಶಸ್ತ್ರಚಿಕಿತ್ಸೆಗೆ ಬೇರೆ ಕಲಂ ಇದೆ, ಅದೂ ರೋಗಿಯ ಒಳಿತಿಗಾಗಿ ಮಾಡಿದ್ದಕ್ಕೆ. ಕಿಡ್ನಿ ಕೊಡುವವನ ದೇಹಕ್ಕೆ ಆ ಚಾಕುವಿನಿಂದ ಯಾವ ಒಳಿತೂ ಇಲ್ಲ. 1994ರ ಅಂಗಾಂಗ ಕಸಿ ಕಾಯಿದೆ ದಾನಕ್ಕೆ ದಾರಿ ಬಿಟ್ಟು, ಮಾರಾಟವನ್ನು ಅಪರಾಧವೆಂದಿತು.

ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಮಂದಿಯನ್ನು ಮಾತನಾಡಿಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 96 ಮಂದಿ ಸಾಲ ತೀರಿಸಲು ಮಾರಿದವರು. ಹಾಗೆ ಮಾರಿದವರಲ್ಲಿ ನೂರಕ್ಕೆ 74 ಮಂದಿಯ ಸಾಲ ಆಗಲೂ ತೀರಿರಲಿಲ್ಲ. ಕುಟುಂಬದ ಆದಾಯ ಸರಾಸರಿ ಮೂರನೇ ಒಂದು ಪಾಲು ಇಳಿದಿತ್ತು. ಆಪರೇಷನ್ನಿನ ಅಪಾಯವನ್ನು ವೈದ್ಯರು ವಿವರಿಸಬಹುದು. ಬಾಗಿಲಲ್ಲಿ ನಿಂತ ಸಾಲಗಾರನ ವಿಷಯ ಯಾವ ಒಪ್ಪಿಗೆ ಪತ್ರದಲ್ಲಿಯೂ ಇರುವುದಿಲ್ಲ. ಹೆದರಿಸಿ ಅಥವಾ ತಪ್ಪು ತಿಳಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆನ್ನುವ ಸಂಹಿತೆ, ಬಡತನದ ಹೆಸರೆತ್ತುವುದಿಲ್ಲ.

ಇರಾನ್ ಹಣ ಪಡೆದು ಕಿಡ್ನಿ ಕೊಡುವುದನ್ನು ಸರ್ಕಾರದ ನಿಯಮದೊಳಗೆ ತಂದಿದೆ. ಕಳ್ಳವ್ಯವಹಾರಕ್ಕಿಂತ ಅದು ಲೇಸೆಂಬ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಅಲ್ಲಿಯೂ ಕೊಡುವವರು ಹೆಚ್ಚಾಗಿ ಬಡವರೇ.

ಹಾಗಾಗಿ ಮಾರಾಟ ಅಪರಾಧವಾಗಿಯೇ ಇರಲಿ ಎನ್ನುತ್ತೇನೆ. ಆದರೆ ನಮ್ಮ ಕಾಯಿದೆಯ ಒಂದು ಮಾತು ನನಗೆ ಒಪ್ಪಿಗೆಯಿಲ್ಲ. ಹಣ ಕೊಟ್ಟವನಂತೆ ಪಡೆದವನೂ ಅಲ್ಲಿ ಅಪರಾಧಿ. 2011ರ ತಿದ್ದುಪಡಿಯಂತೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿಯವರೆಗೆ ದಂಡ. ದಲ್ಲಾಳಿ ಹೇಳಿದ ಹಣದಲ್ಲಿ ಅರ್ಧ ಕೊಟ್ಟು ಮಾಯವಾದರೆ, ಹೊಲಿಗೆಯ ಗುರುತು ಹೊತ್ತ ಆ ಬಡವ ಯಾವ ಧೈರ್ಯದಿಂದ ಠಾಣೆಯ ಮೆಟ್ಟಿಲು ಹತ್ತುತ್ತಾನೆ? ಮುಂದೆ ಬಂದು ದೂರು ಕೊಟ್ಟ ಮಾರಾಟಗಾರನನ್ನು ಆರೋಪಿಯಾಗಿಸದೆ ಸಾಕ್ಷಿಯಾಗಿ ಕಾಣುವಂತೆ ಕಾಯಿದೆ ತಿದ್ದಲಿ. ದಲ್ಲಾಳಿಯ ಹೆಸರು ಗೊತ್ತಿರುವುದು ಅವನೊಬ್ಬನಿಗೇ.