ಬೆಳೆಯ ರಕ್ಷಣೆ: ಲೋಕದ ಪೇಟೆಯೂ ನಮ್ಮ ಗುಡ್ಡವೂ



ಬೆಳೆಯ ರಕ್ಷಣೆಯು ಇಂದು ಲೋಕವ್ಯಾಪಿಯಾದ ವ್ಯಾಪಾರ. 2018ರಲ್ಲಿ ಜರ್ಮನಿಯ ಬಾಯರ್ ಕಂಪೆನಿಯು ಅಮೆರಿಕದ ಮೊನ್ಸಾಂಟೋವನ್ನು ಕೊಂಡಿತು. ಬೀಜವೂ ಔಷಧವೂ ಒಂದೇ ಅಂಗಡಿಯ ಸರಕಾದುವು. ಔಷಧವೆಂದೆವು, ವಿಷವೆಂಬ ನೇರವಾದ ಮಾತನ್ನು ವ್ಯಾಪಾರಿಗಳು ಬಳಸರು.

ಈ ಪೇಟೆಯ ಒಂದು ಗತಿಯನ್ನು ನಾವು ಅರಿತಿರಬೇಕು. ಪೇಟೆಂಟಿನ ಕಾವಲಿರುವಷ್ಟು ಕಾಲ ಹೊಸ ವಿಷಕ್ಕೆ ಬೆಲೆ ಹೆಚ್ಚು. ಅವಧಿ ತೀರಿತೆಂದರೆ ಯಾರೂ ತಯಾರಿಸಬಹುದು. ಬೆಲೆ ಇಳಿಯುವುದು, ಬಳಕೆ ಏರುವುದು. 1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಎಂಡೋಸಲ್ಫಾನಿಗೆ ಕಾಲಕ್ರಮದಲ್ಲಿ ಭಾರತವೇ ಅತಿದೊಡ್ಡ ತಯಾರಕ ದೇಶವಾಯಿತು. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರುತೋಟಗಳ ಮೇಲೆ, ಚಿಗುರಿನ ರಸ ಹೀರುವ ಚಹಾ ಸೊಳ್ಳೆಯನ್ನು ಕೊಲ್ಲಲೆಂದು, ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ಗುಡ್ಡದ ನೀರೇ ಸುರಂಗಕ್ಕೂ ತೋಡಿಗೂ ಇಳಿದು ಮನೆಯ ಕೊಡವನ್ನು ತುಂಬುವ ಸೀಮೆಯಿದು! ಎಣ್ಮಕಜೆಯ ಮನೆಗಳಲ್ಲಿ ನಡೆಯಲಾರದ, ನುಡಿಯಲಾರದ ಮಕ್ಕಳನ್ನು ಕಂಡವರಿಗೆ ಹೆಚ್ಚಿಗೆ ಹೇಳಬೇಕಾಗಿಲ್ಲ.

2005ರಲ್ಲಿ ಯುರೋಪಿನ ಒಕ್ಕೂಟವು ಅದನ್ನು ಕೈಬಿಡಲು ನಿರ್ಣಯಿಸಿತು. ನಮ್ಮ ದೇಶದ ಪೇಟೆಯು ಮಾತ್ರ 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯುವವರೆಗೂ ತೆರೆದೇ ಇದ್ದಿತು. 2017ರಲ್ಲಿ ಅದೇ ನ್ಯಾಯಾಲಯವು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಅಗ್ಗವೆನಿಸಿದ ವಿಷದ ನಿಜವಾದ ಬೆಲೆಯು ಆಗ ಲೆಕ್ಕಕ್ಕೆ ಬರತೊಡಗಿತು.

ಮುಂದೆ ಜೈವಿಕ ಕೀಟನಾಶಕಗಳ ಮಾರಾಟ ಬೆಳೆಯುವ ಲಕ್ಷಣಗಳಿವೆ. ದೊಡ್ಡ ಕಂಪೆನಿಗಳೂ ಅತ್ತ ತಿರುಗಿವೆ. ಅಷ್ಟರವರೆಗೆ ನಮ್ಮ ರೈತನ ಕೈಗೆ ಬರುವುದು ಕೆಂಪು, ಹಳದಿ, ನೀಲಿ, ಹಸಿರು ಗುರುತಿನ ಡಬ್ಬಿಗಳೇ. ಕೆಂಪು ಅತ್ಯುಗ್ರ ವಿಷದ ಗುರುತು. ಡಬ್ಬಿಯೊಡನೆ ಬರುವ ಸೂಚನಾಪತ್ರವು ಗಡಿನಾಡಿನ ಅಂಗಡಿಗಳಲ್ಲಿ ಕನ್ನಡದಲ್ಲಿಯೂ ದೊರೆಯುವಂತೆ ಕೃಷಿ ಇಲಾಖೆಗೆ ಬಿನ್ನಹ ಸಲ್ಲಿಸಬೇಕೆಂದು ಈ ಸಂಘವನ್ನು ಕೋರುತ್ತೇವೆ.