ಹೊತ್ತಿಗೆ ಸರಿಯಾಗಿ ಊರು ಸೇರುವುದು

(ಗೆಜ್ಜಲಗೆರೆಯಲ್ಲಿ ಕೂಡಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ರಸ್ತೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ನಾನು ಇಂಜಿನಿಯರನಲ್ಲ, ಅಧಿಕಾರಿಯೂ ಅಲ್ಲ. ಇದೇ ಮದ್ದೂರು ತಾಲ್ಲೂಕಿನಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಬೆಂಗಳೂರು ಸೇರಿದವನು. ಆದ್ದರಿಂದ ಉಪದೇಶ ಮಾಡಲು ಬಂದಿಲ್ಲ. ಒಂದು ದಿನ ಕಾರಿನ ಪಂದ್ಯಕ್ಕೆ ಹೋಗಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ನಮ್ಮಿಬ್ಬರಿಗೂ ಏನು ಪಾಠವೆಂಬುದನ್ನು ಹೇಳಿ ಕೂತುಬಿಡುತ್ತೇನೆ.

ಕಾರಿನ ಪಂದ್ಯವೆಂದರೆ ನಮ್ಮ ಜನಕ್ಕೆ ನಗು ಬರುವುದು ಸಹಜ. ಎತ್ತಿನ ಗಾಡಿಯ ಪಂದ್ಯ ನೋಡಿದ್ದೇವೆ. ಅದರಲ್ಲಿ ಮೊದಲು ಬಂದ ಜೋಡಿಗೆ ಬಹುಮಾನ. ರ್‍ಯಾಲಿ ಎಂಬ ಕಾರಿನ ಪಂದ್ಯದಲ್ಲಿ ಎರಡು ಬಗೆ ಉಂಟು. ಒಂದು, ಬರಿಯ ವೇಗದ್ದು. ಅದಕ್ಕೆ ರಸ್ತೆಯನ್ನು ಪೂರ್ತಿ ಮುಚ್ಚಿ, ಕಾವಲಿಟ್ಟು, ತಲೆಗೆ ಶಿರಸ್ತ್ರಾಣ ಹಾಕಿಕೊಂಡು, ಕಾರಿನೊಳಗೆ ಕಬ್ಬಿಣದ ಪಂಜರ ಕಟ್ಟಿಕೊಂಡು ಓಡಿಸುತ್ತಾರೆ. ಇನ್ನೊಂದು, ಹೊತ್ತಿನದು. ಇದು ನಮ್ಮನಿಮ್ಮಂಥವರ ಸಾಮಾನ್ಯ ಕಾರಿನಲ್ಲಿ, ಎಲ್ಲರೂ ಓಡಾಡುವ ರಸ್ತೆಯಲ್ಲೇ, ಕಾನೂನಿನ ವೇಗಕ್ಕೆ ಒಳಪಟ್ಟು ನಡೆಯುವಂಥದು. ಇದರಲ್ಲಿ ಮೊದಲು ಬಂದವನಿಗೆ ಬಹುಮಾನವಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಬಂದವನಿಗೆ ಬಹುಮಾನ.

ಈ ಆಟ ಹೊಸದಲ್ಲ. ಯೂರೋಪಿನ ಮಾಂಟೆ ಕಾರ್ಲೊ ರ್‍ಯಾಲಿ 1911ರಲ್ಲೇ ಶುರುವಾಯಿತು. ಪೂರ್ವ ಆಫ್ರಿಕಾದಲ್ಲಿ 1953ರಲ್ಲಿ ಆರಂಭವಾದ ಸಫಾರಿ ರ್‍ಯಾಲಿಯನ್ನು ಕೆನ್ಯಾ ದೇಶದ ಸಿಖ್ಖರಾದ ಜೋಗಿಂದರ್ ಸಿಂಗ್ 1965, 1974 ಮತ್ತು 1976ರಲ್ಲಿ, ಹೀಗೆ ಮೂರು ಸಲ ಗೆದ್ದರು. 1968ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ಹೊರಟ ಕಾರುಗಳು ದಿಲ್ಲಿಯಿಂದ ಮುಂಬಯಿವರೆಗೆ ನಮ್ಮ ದೇಶದ ರಸ್ತೆಯಲ್ಲೇ ಓಡಿ, ಅಲ್ಲಿಂದ ಹಡಗು ಹತ್ತಿದವು. ನಮ್ಮ ನಾಡಿನಲ್ಲೂ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಡೆಸುವ ಕೆ-1000 ರ್‍ಯಾಲಿ ಹೆಸರುವಾಸಿ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಡಕಾರ್ ರ್‍ಯಾಲಿಯನ್ನು ಮುಗಿಸಿ ಬಂದರು. ಕಾಸರಗೋಡು ಜಿಲ್ಲೆಯ ಮೂಸಾ ಶರೀಫ್ ಅವರಂತೂ ಚಾಲಕನ ಪಕ್ಕದಲ್ಲಿ ಕೂತು ದಾರಿ ಹೇಳುವ ಕೆಲಸದಿಂದಲೇ ದೇಶಕ್ಕೆಲ್ಲ ಹೆಸರಾದವರು. ನನಗೆ ಸಿಕ್ಕಿದ್ದೂ ಅದೇ ಪಕ್ಕದ ಜಾಗ. ಆದರೆ ಅವರ ವಿದ್ಯೆ ನನ್ನಲ್ಲಿ ಇರಲಿಲ್ಲ.

ಬೆಂಗಳೂರಿನ ನನ್ನ ಸ್ನೇಹಿತರೊಬ್ಬರು ಹವ್ಯಾಸಿಗಳ ಇಂಥದೊಂದು ಪಂದ್ಯಕ್ಕೆ ಹೆಸರು ಕೊಟ್ಟರು. ದಾರಿ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಎಂದು ತಿಳಿದಾಗ, "ನೀನು ಅಲ್ಲಿಯವನು, ಪಕ್ಕದಲ್ಲಿ ಕೂತುಕೋ" ಎಂದರು. ಧನುರ್ಮಾಸದ ಒಂದು ಭಾನುವಾರ, ಮಂಜು ಇನ್ನೂ ಬಿಟ್ಟಿರಲಿಲ್ಲ, ಬೆಳಿಗ್ಗೆ ಏಳು ಗಂಟೆಗೆ ಹೊರಟೆವು. ಕೈಗೆ ಒಂದು ದಾರಿ ಪುಸ್ತಕ ಕೊಟ್ಟರು. ಅದರಲ್ಲಿ ಊರಿನ ಹೆಸರಿಲ್ಲ. ಇಷ್ಟು ಕಿಲೋಮೀಟರಿಗೆ ಎಡಕ್ಕೆ, ಇಷ್ಟಕ್ಕೆ ಬಲಕ್ಕೆ ಎಂಬ ಬಾಣದ ಗುರುತು, ಜೊತೆಗೆ ಸರಾಸರಿ ವೇಗ.

ಲೆಕ್ಕ ಹೀಗೆ. ಗಂಟೆಗೆ 30 ಕಿಲೋಮೀಟರು ಸರಾಸರಿ ಎಂದರೆ ಒಂದು ಕಿಲೋಮೀಟರಿಗೆ ಎರಡು ನಿಮಿಷ. 7-40ಕ್ಕೆ ಹೊರಟು ಎಂಟು ಕಿಲೋಮೀಟರು ಹೋಗಬೇಕಾದರೆ 7-56ಕ್ಕೆ ಅಲ್ಲಿರಬೇಕು. ಎಲ್ಲಿ ಹೊತ್ತು ನೋಡುವವರು ಕುಳಿತಿರುತ್ತಾರೋ ಗೊತ್ತಿಲ್ಲ. ಆಲದ ಮರದ ಹಿಂದೆಯೋ, ಪಂಪುಸೆಟ್ಟಿನ ಮನೆಯ ಮರೆಯಲ್ಲೋ. ನಮ್ಮ ಪಂದ್ಯದಲ್ಲಿ ಒಂದು ನಿಮಿಷ ತಡವಾದರೆ ಒಂದು ದಂಡ, ಒಂದು ನಿಮಿಷ ಮುಂಚೆ ಬಂದರೆ ಎರಡು ದಂಡ. ಬೇಗ ಬಂದವನಿಗೇ ಹೆಚ್ಚು ಶಿಕ್ಷೆ! ನಾಲೆಯ ಸರದಿ ನೀರು ಕಂಡವರಿಗೆ ಇದು ಅರ್ಥವಾಗುತ್ತದೆ. ಸರದಿಗೆ ಮುಂಚೆ ತೂಬು ಎತ್ತುವವನು, ತಡವಾಗಿ ಬಂದವನಿಗಿಂತ ದೊಡ್ಡ ತಂಟೆಗಾರ.

ಮದ್ದೂರು ದಾಟಿ ಕೆ. ಎಂ. ದೊಡ್ಡಿ ಕಡೆಗೆ ನಾಲೆ ಬಯಲಿನ ಹಾದಿಗಳಲ್ಲಿ ಹೋದೆವು. ಎರಡು ಕಡೆಯೂ ಕಬ್ಬು; ತಿರುವಿನಾಚೆ ಏನಿದೆಯೋ ಕಾಣದು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರು ಎಳೆದುಕೊಂಡು ಕಾರ್ಖಾನೆಗೆ ಸಾಲುಗಟ್ಟಿದ್ದವು. ಮಂಜಿನಲ್ಲಿ ಅವುಗಳ ಹಿಂಭಾಗ ತಿಳಿಯುತ್ತಿದ್ದುದು ಹತ್ತಿರ ಹೋದ ಮೇಲೆಯೇ. ಕೆಲವಕ್ಕೆ ಹಿಂದೆ ಒಂದು ಕೆಂಪು ಪಟ್ಟಿಯೂ ಇರಲಿಲ್ಲ. ಅಲ್ಲಿಂದ ಮುಂದೆ ನಾಲೆಯ ಏರಿಯ ಮೇಲಿನ ದಾರಿ. ಒಂದು ಪಕ್ಕ ನೀರು, ಒಂದು ಪಕ್ಕ ಗದ್ದೆಯ ಇಳಿಜಾರು, ನಡುವೆ ಒಂದು ಗಾಡಿಯ ಜಾಡು. ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಜನ ಹೋದರಲ್ಲ, ಅವರಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಮಕ್ಕಳೂ ಇದ್ದರು. ನಮ್ಮ ಜಿಲ್ಲೆಗೆ ಅನ್ನ ಕೊಟ್ಟ ನಾಲೆ ಅದು. ಆ ಏರಿಯ ಮೇಲೆ ಹೋಗುವಾಗ ನಾವಿಬ್ಬರೂ ಮಾತಾಡಲಿಲ್ಲ.

ಮಳವಳ್ಳಿ ದಾಟಿ ಹಲಗೂರಿನ ಕಡೆಗೆ ಹೊರಳಿದ ಮೇಲೆ ಸೀಮೆಯೇ ಬೇರೆ. ಹಸಿರು ಮುಗಿದು ಕೆಂಪು ನೆಲ, ರಾಗಿ, ಹುರುಳಿ, ಕಲ್ಲುಗುಡ್ಡ. ಗಾಡಿ ಜಾಡು, ಹಳ್ಳದ ಮರಳು, ಕೊರಕಲು. ಕಾರಿನ ಹೊಟ್ಟೆ ಕಲ್ಲಿಗೆ ತಗುಲಿದಾಗಲೆಲ್ಲ ನನ್ನ ಸ್ನೇಹಿತರು ತಮ್ಮ ಹೊಟ್ಟೆಯನ್ನೇ ಹಿಡಿದುಕೊಳ್ಳುತ್ತಿದ್ದರು. ಒಂದು ಕಡೆ ಕುರಿಯ ಹಿಂಡು ದಾರಿಗೆ ಅಡ್ಡ ಬಂತು. ಕುರಿ ಕಾಯುವವನಿಗೆ ಅವಸರವಿಲ್ಲ, ಕುರಿಗಳಿಗಂತೂ ಇಲ್ಲವೇ ಇಲ್ಲ. ನಮಗೆ ಮೂರು ನಿಮಿಷ ಹೋಯಿತು.

ಇಲ್ಲಿಂದ ನನ್ನ ತಪ್ಪು ಶುರುವಾಗುತ್ತದೆ. ಮುಂದಿನ ಆರು ಕಿಲೋಮೀಟರಿಗೆ ಹನ್ನೆರಡು ನಿಮಿಷವಿತ್ತು. ಮೂರು ನಿಮಿಷ ಉಳಿಸಬೇಕಾದರೆ ಒಂಬತ್ತೇ ನಿಮಿಷದಲ್ಲಿ ಮುಗಿಸಬೇಕು. ಅಂದರೆ ಸರಾಸರಿ 30 ಅಲ್ಲ, 40. ಕೇಳಲು ಸಣ್ಣದು. ಆದರೆ ಹಳ್ಳಿ ರಸ್ತೆಯಲ್ಲಿ ತಿರುವಿನಲ್ಲಿ ನಿಧಾನಿಸಿ, ಗುಂಡಿಯಲ್ಲಿ ನಿಧಾನಿಸಿ, ಸರಾಸರಿ 40 ಬರಬೇಕಾದರೆ ನೇರ ದಾರಿ ಸಿಕ್ಕ ಕಡೆ 60 ಓಡಿಸಬೇಕು. ನಾನು ಗಡಿಯಾರ ನೋಡುತ್ತ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದೆ. ದಾರಿ ನೋಡಬೇಕಾದವನು ಗಡಿಯಾರ ನೋಡಿದೆ.

ಒಂದು ಹಳ್ಳಿ ಕಳೆದು ಡಾಂಬರು ರಸ್ತೆ ಸಿಕ್ಕಿತು. ತಿರುವಿನಾಚೆ ರಸ್ತೆಯ ಅಗಲಕ್ಕೂ ಹುರುಳಿ ಹರಡಿದ್ದರು. ಅದರ ಆಚೆ ತುದಿಯಲ್ಲಿ ಒಬ್ಬ ಹುಡುಗ, ಹತ್ತು ವರ್ಷದವನಿರಬೇಕು, ಬಗ್ಗಿ ಕವೆಗೋಲಿನಿಂದ ಹುಲ್ಲು ತಿರುವುತ್ತಿದ್ದ. 60ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಹೋಗುತ್ತದೆ. ಎತ್ತು ಕಟ್ಟಿದ ಮೂರು ಗಾಡಿ ಸಾಲಾಗಿ ನಿಂತಷ್ಟು ದೂರ. ಕಾಲು ಬ್ರೇಕಿನ ಮೇಲೆ ಹೋಗುವುದರೊಳಗೆ ಅಷ್ಟು ಕಳೆಯಿತು. ಬ್ರೇಕು ಹಿಡಿದರೂ ಒಣ ಹುರುಳಿಯ ಮೇಲೆ ಚಕ್ರ ಜಾರಿತೇ ಹೊರತು ನಿಲ್ಲಲಿಲ್ಲ. ಹುಡುಗ ಕವೆಗೋಲು ಬಿಟ್ಟು ಚರಂಡಿಗೆ ಹಾರಿದ. ಕಾರು ಅವನು ನಿಂತಿದ್ದ ಜಾಗವನ್ನು ದಾಟಿ, ಮಣ್ಣಿಗೆ ಇಳಿದು ನಿಂತಿತು.

ಉಸಿರು ಬಿಡುವ ಮುಂಚೆ ಹೊಗೆ ಕಾಣಿಸಿತು. ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡಿತ್ತು. ಕೆಲವು ಎಳೆ ಹೊಗೆಕೊಳವೆಗೆ ತಾಗಿ ಹೊತ್ತಿಕೊಂಡಿತ್ತು. ಈಗಿನ ಕಾರುಗಳಲ್ಲಿ ಹೊಗೆ ಶುದ್ಧಿ ಮಾಡುವ ಒಂದು ಡಬ್ಬ ಹೊಗೆಕೊಳವೆಯಲ್ಲಿ ಇರುತ್ತದೆ. ಅದು ನೂರಾರು ಡಿಗ್ರಿ ಕಾಯುತ್ತದೆ. ಒಣ ಹುಲ್ಲಿಗೆ ಬೆಂಕಿ ಕಡ್ಡಿಯೇ ಬೇಡ. ಊರಿನ ಹೆಂಗಸರು ಬಿಂದಿಗೆಯಲ್ಲಿ ನೀರು ತಂದರು, ಗಂಡಸರು ಮಣ್ಣು ಎರಚಿದರು. ಕಾರು ಉಳಿಯಿತು. ಆದರೆ ಹರಡಿದ್ದ ಹುರುಳಿಯಲ್ಲಿ ಅರ್ಧದಷ್ಟು ಸುಟ್ಟುಹೋಯಿತು.

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆವು. ಹುಡುಗನ ಅಜ್ಜಿ ಅವನ ಮೈಕೈ ಮುಟ್ಟಿ ನೋಡಿದರು. ನಾವು ಸುಟ್ಟ ಹುರುಳಿಗೆ ಬೆಲೆ ಕೊಡಲು ಹೋದಾಗ, "ಹುಡುಗ ಉಳಿದನಲ್ಲ, ಸಾಕು ಬುಡಿ. ದಾರೀಲಿ ಹರಡಿದ್ದು ನಂದೂ ತಪ್ಪೇ" ಎಂದರು. ನನ್ನದೇ ದೊಡ್ಡ ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕಾಗಿಯೇ ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಮ್ಮ ಪುಣ್ಯ, ಅಲ್ಲಿ ಉಳಿಯಿತು. ಎಲ್ಲ ಕಡೆಯೂ ಹೀಗೆ ಉಳಿಯುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರಿನಲ್ಲಿ ವೇಗದ ರ್‍ಯಾಲಿಗೆಂದು ಮುಚ್ಚಿದ್ದ ದಾರಿಗೆ ಮೋಟಾರ್ ಸೈಕಲ್ಲೊಂದು ಬಂದು, ಒಂದೇ ಕುಟುಂಬದ ಮೂವರು ಸತ್ತರು. ಮುಚ್ಚಿದ ದಾರಿಯಲ್ಲೇ ಹಾಗಾದರೆ, ತೆರೆದ ದಾರಿಯಲ್ಲಿ ಎಷ್ಟು ಎಚ್ಚರ ಬೇಕು ಯೋಚಿಸಿ.

ಈಗ ನಮ್ಮ ಮನೆಯ ಮಾತು. ರೈತ ರಸ್ತೆಯಲ್ಲಿ ಒಕ್ಕಣೆ ಏಕೆ ಮಾಡುತ್ತಾನೆ? ಸೋಮಾರಿತನದಿಂದ ಅಲ್ಲ. ಹಿಂದೆ ಸುಗ್ಗಿಗೆ ಮುಂಚೆ ನೆಲ ಕೆತ್ತಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಕಣ ಮಾಡುತ್ತಿದ್ದೆವು. ಗುಂಡು ಎಳೆಯಲು ಎತ್ತಿದ್ದವು, ಕೈಗೆ ಆಳಿದ್ದರು. ಈಗ ಕಣದ ಜಾಗ ಭಾಗವಾಯಿತು, ಎತ್ತು ಮಾರಿದೆವು, ಆಳು ಸಿಗುವುದಿಲ್ಲ. ಹೋಗುವ ವಾಹನವೇ ಪುಕ್ಕಟೆಯ ಗುಂಡು ಎನ್ನಿಸಿತು. ಆದರೆ ಅದು ಪುಕ್ಕಟೆಯಲ್ಲ. ಕಾಳಿಗೆ ಕಲ್ಲು, ಮರಳು, ಎಣ್ಣೆ ಸೇರುತ್ತದೆ. ಸೈಕಲ್ಲು, ಸ್ಕೂಟರಿನವರು ಜಾರಿ ಬೀಳುತ್ತಾರೆ. ಬೀಳುವವರು ಬೇರೆ ಊರಿನವರೇ ಆಗಬೇಕೆಂದಿಲ್ಲ.

ಆದ್ದರಿಂದ ನನ್ನ ಬಿನ್ನಹ ನಾಲ್ಕು.

ಒಂದು: ಊರಿಗೊಂದು ಸಾಮೂಹಿಕ ಕಣ ಬೇಕು. ರಾಜ್ಯದ ಹಲವು ಊರುಗಳಲ್ಲಿ ಉದ್ಯೋಗ ಖಾತರಿಯ ಕೆಲಸದಲ್ಲಿ ಕಾಂಕ್ರೀಟಿನ ಒಕ್ಕಣೆ ಕಣಗಳನ್ನು ಕಟ್ಟಿದ್ದುಂಟು. ಗ್ರಾಮಸಭೆಯಲ್ಲಿ ಬರೆಯಿಸಿ, ಜಾಗ ಗುರುತಿಸಿ. ಜಾಗ ಬಿಡುವುದು ನಮ್ಮ ಕೈಯಲ್ಲೇ ಇದೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ಹಿರಿಯರು ಶ್ರಮದಾನದಿಂದ ರಸ್ತೆ ಮಾಡಲು ನಿಂತರು. ನಾವು ಆ ರಸ್ತೆ ಖಾಲಿ ಬಿಡಲು ಒಂದು ಕಣ ಮಾಡಲಾರೆವೇ?

ಎರಡು: ಒಬ್ಬನಿಗೆ ಒಕ್ಕಣೆ ಯಂತ್ರ ಭಾರ, ಹತ್ತು ಜನ ಸೇರಿದರೆ ಹಗುರ. ಹೋಬಳಿಗಳಲ್ಲಿ ತೆರೆದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಸುಗ್ಗಿಗೆ ಮುಂಚೆಯೇ ವಿಚಾರಿಸಿ.

ಮೂರು: ಗಾಡಿ, ಟ್ರೈಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ನಡು ರಸ್ತೆಗೆ ದ್ವಿಚಕ್ರ, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಅಂದಮೇಲೆ ಬೈಕು, ಟ್ರ್ಯಾಕ್ಟರು, ಹಾಲಿನ ಕ್ಯಾನು, ಶಾಲೆಯ ಮಕ್ಕಳು ಎಲ್ಲರೂ ಪಕ್ಕದ ರಸ್ತೆಯಲ್ಲೇ. ಕತ್ತಲಲ್ಲಿ ಕಾಣುವುದೇ ಅರ್ಧ ರಕ್ಷಣೆ.

ನಾಲ್ಕು: ನಿಮ್ಮ ಮಕ್ಕಳ ಕೈಯಲ್ಲಿ ಬೈಕು ಕೊಡುವಾಗ ಈ ಮುದುಕನ ಕಥೆ ಹೇಳಿ. ಮೂರು ನಿಮಿಷಕ್ಕಾಗಿ ಒಂದು ಮಗುವಿನ ಜೀವ ತೆಗೆಯುತ್ತಿದ್ದೆನೆಂದು ಹೇಳಿ.

ಅಂದು ಕಾರನ್ನು ನಿಧಾನವಾಗಿ ತಂದು, ಕತ್ತಲಾದ ಮೇಲೆ ಮದ್ದೂರು ಸೇರಿದೆವು. ಪಟ್ಟಿಯಲ್ಲಿ ನಮ್ಮದು ಕೊನೆಯ ಹೆಸರು. ಪಂದ್ಯದ ನಿಯಮ ಬೇಗ ಬಂದವನಿಗೆ ಎರಡು ದಂಡ ಹಾಕುವುದು ಏಕೆಂದು ಆಗ ಮನಸ್ಸಿಗೆ ಹತ್ತಿತು. ತಡವಾಗಿ ಬಂದವನಿಗೆ ಮನೆಯಲ್ಲಿ ಅನ್ನ ಆರಿರುತ್ತದೆ, ಅಷ್ಟೇ. ಬೇಗ ಹೋಗಹೊರಟವನು ಮನೆಯನ್ನೇ ಸೇರದೆ ಹೋಗಬಹುದು. ಇನ್ನೊಬ್ಬರ ಮನೆಯ ದೀಪವನ್ನೂ ಆರಿಸಬಹುದು.

ಮುಂದಿನ ಧನುರ್ಮಾಸದೊಳಗೆ ಈ ಊರಿನಲ್ಲಿ ಒಂದು ಕಣ ಸಿದ್ಧವಾಗಲಿ. ಅದರ ಕೆಲಸಕ್ಕೆ ಒಂದು ದಿನದ ಶ್ರಮ ನನ್ನದೂ ಸೇರಲಿ. ಗುದ್ದಲಿ ತಂದೇ ಬರುತ್ತೇನೆ.