ಸಮಪಾಲು ಕೇಳಿದ ಕೋಚ್



ಕ್ರಿಕೆಟ್ ನಮಗ್ಯಾಕೆ ಅಂತ ನೀವು ಕೇಳಬಹುದು. ಟಿ.ವಿ. ಮುಂದೆ ಗಂಡ, ಮಕ್ಕಳು ಕೂತರೆ ಮಾಡಿಟ್ಟ ಅಡುಗೆ ಆರಿಹೋಗುತ್ತೆ. ಅದು ನಮಗೂ ಗೊತ್ತು! ಆದರೂ ಇವತ್ತು ರಾಹುಲ್ ದ್ರಾವಿಡ್ ಅವರ ಕತೆ ಹೇಳ್ತೀವಿ. ಇದರಲ್ಲಿ ಆಟ ಸ್ವಲ್ಪ, ಕೂಲಿ ಲೆಕ್ಕ ಜಾಸ್ತಿ.

ದ್ರಾವಿಡ್ ಬೆಳೆದದ್ದು ನಮ್ಮ ಪಕ್ಕದ ಬೆಂಗಳೂರಿನಲ್ಲಿ. ತಾಯಿ ಪುಷ್ಪಾ ಅವರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1996ರಲ್ಲಿ ದ್ರಾವಿಡ್ ಭಾರತ ತಂಡ ಸೇರಿದರು. ಟೆಸ್ಟ್ ಆಟದಲ್ಲೇ 13,288 ರನ್ ಹೊಡೆದರು. ಆದರೆ ವಿಶ್ವಕಪ್ ಮಾತ್ರ ಕೈಗೆ ಸಿಗಲಿಲ್ಲ. 2007ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್ ನಡೆಯಿತು. ಆಗ ಅವರೇ ನಾಯಕರು. ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂತು.

ಆಟ ಬಿಟ್ಟ ಮೇಲೆ ಅವರು 19 ವರ್ಷದೊಳಗಿನ ಹುಡುಗರ ತಂಡಕ್ಕೆ ಕೋಚ್ ಆದರು. ಕೋಚ್ ಅಂದ್ರೆ ಆಟ ಕಲಿಸುವ ಗುರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿ ಬಹುಮಾನ ಸಾರಿತು. ದ್ರಾವಿಡ್ ಅವರಿಗೆ 50 ಲಕ್ಷ ರೂಪಾಯಿ. ಜೊತೆಗೆ ದುಡಿದ ಸಹಾಯಕರಿಗೆ ತಲಾ 20 ಲಕ್ಷ. ಯಾರು ಈ ಸಹಾಯಕರು? ಬೌಲಿಂಗ್ ಹೇಳಿಕೊಡುವವರು, ವ್ಯಾಯಾಮ ಮಾಡಿಸುವವರು, ನೋವಾದ ಕೈಕಾಲು ಸರಿಮಾಡುವವರು. ಟಿ.ವಿ.ಯಲ್ಲಿ ಇವರ ಮುಖ ಕಾಣುವುದು ಅಪರೂಪ.

ನಮ್ಮ ದೊಡ್ಡಬಳ್ಳಾಪುರದ ಮಗ್ಗದ ಮನೆ ನೆನೆಸಿಕೊಳ್ಳಿ. ಸೀರೆ ನೇಯ್ದವರ ಹೆಸರು ಹೇಳ್ತಾರೆ. ಮೂಲೆಯಲ್ಲಿ ಕೂತು ಕಂಡಿಕೆ ಸುತ್ತಿದವಳನ್ನು ಯಾರು ಕೇಳ್ತಾರೆ? ಕಂಡಿಕೆ ಇಲ್ಲದೆ ಲಾಳಿ ಓಡುತ್ತಾ?

ದ್ರಾವಿಡ್ ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಸಮ ಕೊಡಿ ಅಂತ ಕೇಳಿದರು. ಕೊನೆಗೆ ಅವರಿಗೂ 25 ಲಕ್ಷ, ಸಹಾಯಕರಿಗೂ ತಲಾ 25 ಲಕ್ಷ ಆಯಿತು. ನೀವೇ ಲೆಕ್ಕ ಹಾಕಿ. ದ್ರಾವಿಡ್ ಅವರಿಗೆ ಎಷ್ಟು ಕಡಿಮೆಯಾಯಿತು? ಸಹಾಯಕರಿಗೆ ಎಷ್ಟು ಹೆಚ್ಚಾಯಿತು?

2021ರಲ್ಲಿ ಅವರು ದೊಡ್ಡವರ ತಂಡಕ್ಕೆ ಕೋಚ್ ಆದರು. 2023ರಲ್ಲಿ ನಮ್ಮ ತಂಡ ಅಹಮದಾಬಾದಿನಲ್ಲಿ ಫೈನಲ್ ಸೋತಿತು. 2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸ್ ಕಡೆಯ ಬಾರ್ಬಡೋಸ್‌ನಲ್ಲಿ ಟಿ-20 ವಿಶ್ವಕಪ್ ಗೆದ್ದಿತು. ಗೆಲುವು ಬರೀ 7 ರನ್ನಿನದು. ಅಷ್ಟು ಶಾಂತ ಮನುಷ್ಯ ಕಪ್ ಕೈಗೆ ಬಂದಾಗ ಹೇಗೆ ಕೂಗಿದರು ಗೊತ್ತಾ! ಈ ಸಲ ಅವರ ಪಾಲು 5 ಕೋಟಿ. ಬೇರೆ ಕೋಚ್‌ಗಳಿಗೆ ಎರಡೂವರೆ ಕೋಟಿ. ನನಗೂ ಅಷ್ಟೇ ಸಾಕು ಅಂದರಂತೆ. ಪತ್ರಿಕೆಗಳಲ್ಲಿ ಬಂದಿತ್ತು.

ಹೋದ ವಾರ ಈ ಕತೆ ಹೇಳಿದಾಗ ಒಬ್ಬ ಅಕ್ಕ, "ಇದ್ದೋರು ಬಿಡ್ತಾರೆ ಟೀಚರಮ್ಮ. ನಮ್ಮ ಕಂಡಿಕೆ ಕೂಲಿ ಯಾರು ಕೇಳ್ತಾರೆ?" ಅಂದರು. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕೂಲಿ ಚೀಟಿ ಇದ್ದರೆ ತನ್ನಿ ಅಂದೆವು. ತಂದಿದ್ದಾರೆ. ಬನ್ನಿ, ಅದನ್ನು ಓದೋಣ.